ಕಡಿದ ಮರದ ದುಡ್ಡು ಯಾವ ಖಾತೆಗೆ ಹೋಗುತ್ತದೆ?

ಹೊಂಗೆ ನೆರಳು:
ಗೊತ್ತಿದ್ದವರು ಹೇಳಿ. ಹೋದ ವರ್ಷ ನಮ್ಮ ರಸ್ತೆಯಲ್ಲಿ ಚರಂಡಿ ಅಗಲ ಮಾಡಲು ಹನ್ನೊಂದು ಮರ ಕಡಿದರು. ಒಂಬತ್ತು ಹೊಂಗೆ, ಒಂದು ಬೇವು, ತಿರುವಿನಲ್ಲಿದ್ದ ಒಂದು ದೊಡ್ಡ ಮಳೆಮರ. ಆ ಮಳೆಮರದ ಕೆಳಗೆ ಹೂವು ಮಾರುವ ಅಮ್ಮ ಒಬ್ಬರು ಕೂರುತ್ತಿದ್ದರು. ಈಗ ಛತ್ರಿ ಕಟ್ಟಿಕೊಂಡು ಕೂರುತ್ತಾರೆ.

ಕಡಿಯುವ ದಿನ ನಾವು ನಾಲ್ಕೈದು ಜನ ಹೋಗಿ ಕೇಳಿದೆವು. ಇಂಜಿನಿಯರ್ ಚೆನ್ನಾಗಿಯೇ ಮಾತಾಡಿದರು. "ಒಂದಕ್ಕೆ ಹತ್ತು ಗಿಡ ನೆಡ್ತೀವಿ ಸರ್, ಅದಕ್ಕೆ ದುಡ್ಡೂ ಎತ್ತಿಟ್ಟಿದೆ" ಅಂದರು. ಅಂದರೆ 110 ಗಿಡ. ಒಂದು ವರ್ಷ ಆಗುತ್ತಾ ಬಂತು, ನಮ್ಮ ರಸ್ತೆಯಲ್ಲಿ ಒಂದು ಗಿಡವೂ ಇಲ್ಲ. ನಗರಸಭೆಗೆ ಹೋದರೆ "ಅರಣ್ಯ ಇಲಾಖೆ ಕೇಳಿ" ಅನ್ನುತ್ತಾರೆ. ಅಲ್ಲಿಗೆ ಹೋದರೆ "ಕೆಲಸ ಮಾಡಿಸಿದವರು ನಗರಸಭೆ ತಾನೇ?" ಅನ್ನುತ್ತಾರೆ. ಊರಿನ ಹೆಸರು ಬೇಡ ಬಿಡಿ, ಎಲ್ಲ ಕಡೆ ಇದೇ ಕಥೆ ಇರಬಹುದು.

ನನ್ನ ಪ್ರಶ್ನೆ ಒಂದೇ. ಮರಕ್ಕೆ ಅಂತ ಎತ್ತಿಟ್ಟ ದುಡ್ಡಿಗೆ ಬೇರೆ ಖಾತೆ ಅಂತ ಒಂದು ಇರುತ್ತದಾ? ಇದ್ದರೆ ಅದರ ಲೆಕ್ಕ ಯಾರ ಹತ್ತಿರ?

ನೇರ ಮಾತು:
ಗುತ್ತಿಗೆದಾರನ ಖಾತೆಗೆ. ಉತ್ತರ ಸಿಕ್ತಲ್ಲ, ಚರ್ಚೆ ಮುಗೀತು.

ನಿವೃತ್ತ ಲೆಕ್ಕಿಗ:
ನೇರ ಮಾತು ಅವರೇ, ಸ್ವಲ್ಪ ತಡೀರಿ. ನಾನು ಮೂರು ಪುರಸಭೆ, ಒಂದು ನಗರಸಭೆಯಲ್ಲಿ ಲೆಕ್ಕ ಬರೆದವನು. ದುಡ್ಡು ಕಳುವಾಗುವುದಕ್ಕಿಂತ ಜಾಸ್ತಿ ಕಳೆದುಹೋಗುತ್ತದೆ. ಎರಡಕ್ಕೂ ವ್ಯತ್ಯಾಸ ಇದೆ.

ಹೊಂಗೆ ನೆರಳು ಅವರು ಹೇಳಿದ ದುಡ್ಡು ಮೂರು ಜೇಬಲ್ಲಿ ಯಾವುದರಲ್ಲಾದರೂ ಇರಬಹುದು.

ಮೊದಲನೆಯದು ಅರಣ್ಯ ಇಲಾಖೆಯ ಜೇಬು. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣೆ ಕಾಯ್ದೆ ಇದೆ. ಊರೊಳಗಿನ ಮರ ಕಡಿಯಬೇಕಾದರೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅವರು ಅರಣ್ಯ ಇಲಾಖೆಯವರು. ಅನುಮತಿ ಕೊಡುವಾಗ "ಇದರ ಬದಲಿಗೆ ಇಂತಿಷ್ಟು ಗಿಡ ನೆಡಬೇಕು" ಅಂತ ಷರತ್ತು ಹಾಕಬಹುದು. ಕೆಲವು ಸಲ ನೆಡುವ ಖರ್ಚನ್ನು ಇಲಾಖೆಯೇ ಕಟ್ಟಿಸಿಕೊಂಡು ತಾನೇ ನೆಡುತ್ತದೆ.

ಎರಡನೆಯದು ಕಾಮಗಾರಿಯ ಜೇಬು. ಚರಂಡಿಯ ಅಂದಾಜು ಪಟ್ಟಿಯಲ್ಲೇ ಕೊನೆಯ ಪುಟದಲ್ಲಿ "ಗಿಡ ನೆಡುವುದು, ಟ್ರೀ ಗಾರ್ಡ್ ಅಳವಡಿಸುವುದು" ಅಂತ ಒಂದು ಸಾಲು ಇರುತ್ತದೆ. ಸಿಮೆಂಟಿನ ರೇಟು ಏರಿದಾಗ ಮೊದಲು ಸಾಯುವ ಸಾಲು ಅದೇ.

ಮೂರನೆಯದು ನಗರಸಭೆಯ ಸ್ವಂತ ಬಜೆಟ್. ಉದ್ಯಾನ, ಹಸಿರೀಕರಣ ಅಂತ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ಪಾರ್ಕಿನ ಗೇಟಿಗೆ ಬಣ್ಣ ಬಳಿದದ್ದೂ ಅಲ್ಲೇ, ವಾಕಿಂಗ್ ಪಾತ್ ಟೈಲ್ಸೂ ಅಲ್ಲೇ, ಗಿಡವೂ ಅಲ್ಲೇ. ವರ್ಷದ ಕೊನೆಗೆ "ಹಸಿರೀಕರಣಕ್ಕೆ ಇಷ್ಟು ಲಕ್ಷ ಖರ್ಚು" ಅಂತ ಓದಿದರೆ ಸುಳ್ಳಲ್ಲ. ಆದರೆ ಅದರಲ್ಲಿ ಎಲೆ ಎಷ್ಟು, ಟೈಲ್ಸ್ ಎಷ್ಟು ಅಂತ ಆ ಸಾಲು ಹೇಳುವುದಿಲ್ಲ.

ಪ್ರತ್ಯೇಕವಾಗಿ ಹಣ ಎತ್ತಿಡುವುದು ನಮಗೆ ಬಾರದ ವಿದ್ಯೆ ಏನಲ್ಲ. ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಅಂತ ತೆಗೆದಿಡುತ್ತೇವೆ. ಅದಕ್ಕೆ ಬೇರೆ ಕ್ರಿಯಾ ಯೋಜನೆ, ಬೇರೆ ಪುಸ್ತಕ. ಆಡಿಟ್‌ನವರು ಬಂದ ಕೂಡಲೇ ಅದನ್ನೇ ಕೇಳುತ್ತಾರೆ. ಮರದ ಪುಸ್ತಕ ಕೊಡಿ ಅಂತ ನನ್ನ ಸರ್ವೀಸಿನಲ್ಲಿ ಯಾರೂ ಕೇಳಲಿಲ್ಲ.

ಪುಣೆ ಕನ್ನಡಿಗ:
ನಾನಿರುವ ಮಹಾರಾಷ್ಟ್ರದಲ್ಲಿ ಆ ಪುಸ್ತಕ ಇದೆ ಸರ್. ಇಲ್ಲಿನ ನಗರಗಳ ಮರದ ಕಾಯ್ದೆ 1975ರದ್ದು, ನಿಮ್ಮದಕ್ಕಿಂತ ಒಂದು ವರ್ಷ ಹಿರಿಯದು. ಅದರ ಪ್ರಕಾರ ವೃಕ್ಷ ಪ್ರಾಧಿಕಾರ ಪಾಲಿಕೆಯೊಳಗೇ ಕೂರುತ್ತದೆ. ಆಸ್ತಿ ತೆರಿಗೆ ಬಿಲ್ಲಿನಲ್ಲಿ ಮರಕ್ಕೆ ಅಂತಲೇ ಒಂದು ಕರ ಇರುತ್ತದೆ. ಮೊದಲ ಸಲ ಬಿಲ್ಲು ನೋಡಿದಾಗ ನನಗೆ ನಗು ಬಂತು, ಮರಕ್ಕೂ ತೆರಿಗೆನಾ ಅಂತ. ಆಮೇಲೆ ಅನ್ನಿಸಿತು, ದುಡ್ಡು ಕೊಟ್ಟಿದ್ದೀನಿ ಅಂತ ಗೊತ್ತಿದ್ದರೆ ತಾನೇ ಕೇಳೋಕಾಗೋದು.

2021ರಲ್ಲಿ ತಿದ್ದುಪಡಿ ಆಯಿತು. 50 ವರ್ಷ ದಾಟಿದ ಮರ ಪಾರಂಪರಿಕ ಮರ. ಅಂಥದ್ದನ್ನು ಕಡಿದರೆ ಆ ಮರದ ವಯಸ್ಸು ಎಷ್ಟೋ ಅಷ್ಟು ಗಿಡ ನೆಡಬೇಕು. ನೆಡುವ ಗಿಡ ಕನಿಷ್ಠ 6ರಿಂದ 8 ಅಡಿ ಇರಬೇಕು. ನೆಟ್ಟ ಮೇಲೆ 7 ವರ್ಷ ನೋಡಿಕೊಳ್ಳಬೇಕು.

ಎಲ್ಲಾ ಚಿನ್ನ ಅಂತಲ್ಲ. ಇದೇ ಕಾಯ್ದೆ ಇದ್ದಾಗಲೇ 2019ರ ಅಕ್ಟೋಬರ್‌ನಲ್ಲಿ ಮುಂಬೈ ಆರೆಯಲ್ಲಿ ಮೆಟ್ರೋ ಕಾರ್ ಶೆಡ್ಡಿಗೆ ರಾತ್ರೋರಾತ್ರಿ ಗರಗಸ ಇಳಿಸಿದ್ದು. ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಎರಡು ಸಾವಿರಕ್ಕೂ ಜಾಸ್ತಿ ಮರ ಬಿದ್ದಾಗಿತ್ತು. ಅನುಮತಿ ಕೊಟ್ಟದ್ದು ವೃಕ್ಷ ಪ್ರಾಧಿಕಾರವೇ!

ನೇರ ಮಾತು:
ಅಯ್ಯೋ, ಇನ್ನೊಂದು ಸೆಸ್ ಬೇಡ ಮಾರಾಯ್ರೆ. ನಾವು ಈಗಾಗಲೇ ಆಸ್ತಿ ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3 ಕಟ್ಟುತ್ತಿದ್ದೇವೆ. ಗ್ರಂಥಾಲಯ ಕರ ವಸೂಲಿ ಮಾಡಿ, ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಬಂದಿಲ್ಲ? ಪುಸ್ತಕಕ್ಕೆ ಕಟ್ಟಿದ ದುಡ್ಡೇ ಪುಸ್ತಕಕ್ಕೆ ತಲುಪದಿದ್ದರೆ ಮರಕ್ಕೆ ಕಟ್ಟಿದ್ದು ಮರಕ್ಕೆ ತಲುಪುತ್ತದಾ?

ನಿವೃತ್ತ ಲೆಕ್ಕಿಗ:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಸಂಬಳದ ದಿನ ಹತ್ತಿರ ಬಂದಾಗ ಯಾವ ಖಾತೆಯಲ್ಲಿ ದುಡ್ಡಿದೆಯೋ ಅದನ್ನು ಎಳೆಯುತ್ತಾರೆ. ನಾನೂ ಚೆಕ್ ಬರೆದಿದ್ದೇನೆ.

ನರ್ಸರಿ ಗುತ್ತಿಗೆ:
ನನ್ನನ್ನು ಬೈಯುವ ಮೊದಲು ಕೇಳಿ. ನಾನೇ ಆ ಗುತ್ತಿಗೆದಾರ. ಅಂದರೆ ಹೊಂಗೆ ನೆರಳು ಅವರ ಊರಿನವನಲ್ಲ, ಆದರೆ ಹದಿನಾಲ್ಕು ವರ್ಷದಿಂದ ಇದೇ ಕೆಲಸ.

ನಮ್ಮ ಬಿಲ್ಲು ಹೇಗೆ ಆಗುತ್ತದೆ ಗೊತ್ತಾ? ಗುಂಡಿ ಅಳೆಯುತ್ತಾರೆ. ಉದ್ದ, ಅಗಲ, ಆಳ. ಕೆಮ್ಮಣ್ಣು, ಗೊಬ್ಬರ ಲೆಕ್ಕ ಹಾಕುತ್ತಾರೆ. ಟ್ರೀ ಗಾರ್ಡ್ ಎಣಿಸುತ್ತಾರೆ. ಗಿಡ ಎಣಿಸುತ್ತಾರೆ. ಎಂ.ಬಿ. ಪುಸ್ತಕದಲ್ಲಿ, ಅಂದರೆ ಕಾಮಗಾರಿಯ ಅಳತೆ ಪುಸ್ತಕದಲ್ಲಿ, ಬರೆದು ಸಹಿ ಮಾಡಿದರೆ ಬಿಲ್ಲು ಪಾಸು. ಇವೆಲ್ಲ ನೆಟ್ಟ ವಾರದಲ್ಲೇ ಮುಗಿಯುತ್ತದೆ. ಜೂನ್ 5ಕ್ಕೆ ಶಾಸಕರು ನೆಟ್ಟ ಗಿಡದ ಬಿಲ್ಲು ಜೂನ್ ತಿಂಗಳಲ್ಲೇ ಆಗಬಹುದು. ಆದರೆ ಗಿಡ ಸಾಯುವುದು ಯಾವಾಗ? ಮುಂದಿನ ಫೆಬ್ರವರಿ, ಮಾರ್ಚ್, ಏಪ್ರಿಲ್. ಆ ಮೂರು ತಿಂಗಳ ಟ್ಯಾಂಕರ್ ನೀರಿಗೆ ಕೊಡುವ ದುಡ್ಡು ಎಷ್ಟೋ ಕಡೆ ಅಂದಾಜಿನಲ್ಲೇ ಇರುವುದಿಲ್ಲ. ಇದ್ದರೂ ಆ ಬಿಲ್ಲು ಪಾಸು ಮಾಡಿಸಲು ಡೀಸೆಲ್‌ಗಿಂತ ಜಾಸ್ತಿ ಓಡಾಟದ ಖರ್ಚು. ನಾನೇ ಎರಡು ಸಲ ಬಿಟ್ಟುಬಿಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಗಿಡದ ಎತ್ತರದ್ದೂ ಇದೇ ಕಥೆ. ಎಂಟು ಅಡಿ ಗಿಡ ಬೇಕಾದರೆ ದೊಡ್ಡ ಚೀಲದಲ್ಲಿ ಎರಡು ಮೂರು ವರ್ಷ ಸಾಕಬೇಕು. ಟೆಂಡರ್ ಆಗುವುದು ಮೇ ಕೊನೆಗೆ, ನೆಡಬೇಕಾದ್ದು ಜೂನ್‌ಗೆ. ಎಲ್ಲಿಂದ ತರಲಿ? ಎರಡು ಅಡಿ ಗಿಡವೇ ಸಿಗುವುದು. ಅದನ್ನು ಮೇಕೆ ಒಂದೇ ಬಾಯಿಗೆ ಮುಗಿಸುತ್ತದೆ.

ಸಾಲುಮರ:
ಈ ಚರ್ಚೆಯ ಅತಿ ಮುಖ್ಯ ಮಾತು ಇದು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಕಾಲದಲ್ಲಿ 15 ಲಕ್ಷ ಗಿಡ ನೆಟ್ಟರು ಅಂತ ಎಲ್ಲರೂ ಸಂಖ್ಯೆ ಹೇಳುತ್ತಾರೆ. ಸಂಖ್ಯೆಯನ್ನು ಈಗಲೂ ಯಾರು ಬೇಕಾದರೂ ಮುಟ್ಟಬಹುದು. ನೆಟ್ಟದ್ದು ಉಳಿದು ಬೀದಿ ಬೀದಿಗೆ ನೆರಳಾಯಿತಲ್ಲ, ಅದು ಕಷ್ಟ. ನಮ್ಮ ಸಾಲುಮರದ ತಿಮ್ಮಕ್ಕಜ್ಜಿಯದ್ದೂ ಅಷ್ಟೇ. ಹುಲಿಕಲ್‌ನಿಂದ ಕುದೂರಿನ ದಾರಿಗೆ ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತರು. 385 ಆಲದ ಮರ ಅಂತ ನಾವು ಲೆಕ್ಕ ಹೇಳುತ್ತೇವೆ, ಎಷ್ಟು ಬಿಂದಿಗೆ ಅಂತ ಯಾರೂ ಬರೆದಿಡಲಿಲ್ಲ. 2019ರಲ್ಲಿ ಅದೇ ಮರಗಳಿಗೆ ರಸ್ತೆ ಅಗಲೀಕರಣದ ಕುತ್ತು ಬಂದಾಗ ಅಜ್ಜಿ ಮುಖ್ಯಮಂತ್ರಿಯ ಹತ್ತಿರ ಹೋಗಬೇಕಾಯಿತು.

ಇನ್ನು ಕಾನೂನಿನ ಒಂದು ವಿಷಯ. 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಮಾತ್ರ ವೃಕ್ಷಾಧಿಕಾರಿ ಸಾರ್ವಜನಿಕರಿಗೆ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ಹನ್ನೊಂದು ಮರಕ್ಕೆ ಯಾರೂ ನಿಮ್ಮನ್ನು ಕೇಳಬೇಕಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ ರಾತ್ರೋರಾತ್ರಿ ಬಿದ್ದದ್ದು 40 ಮರ. ಲೆಕ್ಕ ನೋಡಿ.

ಮಲೆನಾಡು ಹುಡುಗ:
ಒಂದು ಡೌಟು. ಕೇಂದ್ರದ ಕ್ಯಾಂಪಾ ನಿಧಿಯಲ್ಲಿ ಸಾವಿರಾರು ಕೋಟಿ ಇದೆಯಲ್ಲ? ಅದರಿಂದ ಊರಿನ ರಸ್ತೆಗೆ ಗಿಡ ಹಾಕಿಸಬಹುದಲ್ವಾ?

ಸಾಲುಮರ:
ತುಂಬಾ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಕ್ಯಾಂಪಾ ಕಾಡಿನ ಜಾಗದ ದುಡ್ಡು. ಗಣಿಗೋ, ಅಣೆಕಟ್ಟಿಗೋ, ಹೆದ್ದಾರಿಗೋ ಅರಣ್ಯ ಭೂಮಿ ಬಿಟ್ಟುಕೊಟ್ಟಾಗ ಕಟ್ಟುವ ಪರಿಹಾರ ಅದು. ನಮ್ಮ ರಸ್ತೆ ಬದಿಯ ಹೊಂಗೆ ಅರಣ್ಯ ಭೂಮಿಯಲ್ಲಿ ಇಲ್ಲ, ಹಾಗಾಗಿ ಅದು ಕಡಿದಾಗ ಆ ಹುಂಡಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ.

ಆದರೆ ಆ ನಿಧಿಯ ಕಥೆ ತಿಳಿದಿರಬೇಕು. ಕೋರ್ಟಿನ ಆದೇಶದಂತೆ ವರ್ಷಗಟ್ಟಲೆ ದುಡ್ಡು ಸೇರಿತು, ಖರ್ಚಾಗಲಿಲ್ಲ. 2016ರಲ್ಲಿ ಕಾಯ್ದೆ ಮಾಡಿ, ಶೇ. 90 ರಾಜ್ಯಕ್ಕೆ, ಶೇ. 10 ಕೇಂದ್ರಕ್ಕೆ ಅಂತ ಹಂಚಿಕೆ ಗೊತ್ತು ಮಾಡಿದರು. 2019ರ ಆಗಸ್ಟ್‌ನಲ್ಲಿ 27 ರಾಜ್ಯಗಳಿಗೆ 47 ಸಾವಿರ ಕೋಟಿಗೂ ಮೀರಿ ಕೊಟ್ಟರು. ಅಷ್ಟು ಬಿಗಿಯಾದ ಕಾಯ್ದೆ, ಬೇರೆ ಖಾತೆ, ಎಲ್ಲ ಇದ್ದೂ ಉತ್ತರಾಖಂಡದಲ್ಲಿ ಏನಾಯಿತು? ಆ ದುಡ್ಡಲ್ಲಿ ಐಫೋನ್, ಲ್ಯಾಪ್‌ಟಾಪ್, ಫ್ರಿಜ್ ಎಲ್ಲ ಕೊಂಡಿದ್ದಾರೆ ಅಂತ 2025ರಲ್ಲಿ ಸಿಎಜಿ ವರದಿ ಬಂತು. ಬೇರೆ ಕಡೆ ತಿರುಗಿಸಿದ್ದು 13.86 ಕೋಟಿ.

ನೇರ ಮಾತು:
ಫ್ರಿಜ್ಜೂ ತಂಪು ಕೊಡುತ್ತದೆ ಬಿಡಿ.

ಹುಣಸೆ ಪಂಚಾಯ್ತಿ:
ನಾನು ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದವಳು. ಪೇಟೆಯವರು ಬರೀ ಕಡಿದ ಮರದ ಮಾತಾಡುತ್ತೀರಿ. ನಮ್ಮಲ್ಲಿ ನಿಂತ ಮರದಿಂದಲೂ ದುಡ್ಡು ಬರುತ್ತದೆ. ಪ್ರತಿ ವರ್ಷ ಹುಣಸೆ ಫಸಲಿನ ಹರಾಜು. ಕೆರೆ ಏರಿಯ ಮರ, ಸ್ಕೂಲ್ ಹಿಂದಿನ ಮರ. ಕೂಗಿ ಹರಾಜು ಹಾಕುತ್ತೇವೆ, ದುಡ್ಡು ಪಂಚಾಯ್ತಿ ಖಾತೆಗೆ ಬೀಳುತ್ತದೆ. ಅಲ್ಲಿಂದ ಬೀದಿ ದೀಪ, ಮೋಟಾರ್ ರಿಪೇರಿ. ಒಂದು ಸಲ ನಾನು ಸಭೆಯಲ್ಲಿ ಕೇಳಿದೆ, ಹುಣಸೆ ದುಡ್ಡಲ್ಲಿ ಕಾಲು ಭಾಗ ಹುಣಸೆ ಗಿಡಕ್ಕೇ ಇಡೋಣ ಅಂತ. "ಮೊದಲು ಕುಡಿಯೋ ನೀರು ನೋಡಮ್ಮ" ಅಂದರು. ಅವರು ಹೇಳಿದ್ದೂ ತಪ್ಪಲ್ಲ. ಆ ವರ್ಷ ಬೋರ್‌ವೆಲ್ ಕೆಟ್ಟಿತ್ತು.

ಇನ್ನೊಂದು ಹುಂಡಿ ಇದೆ, ಎಷ್ಟೋ ಸದಸ್ಯರಿಗೇ ಗೊತ್ತಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿ, ಪುರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವ್ಯಾಪಾರಕ್ಕೆ ಅಂತ ನಮ್ಮ ವ್ಯಾಪ್ತಿಯ ಬೇರು, ನಾರು, ಕಾಯಿ ಕೀಳುವವರಿಂದ ಆ ಸಮಿತಿ ಶುಲ್ಕ ಕೇಳಬಹುದು. ಅದಕ್ಕೆ ಸ್ಥಳೀಯ ಜೀವವೈವಿಧ್ಯ ನಿಧಿ ಅಂತ ಬೇರೆ ಖಾತೆಗೂ ಅವಕಾಶ ಇದೆ. ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ 2007ರಲ್ಲಿ ಘೋಷಣೆ ಆದದ್ದು ನಮ್ಮದೇ ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು. ನಮ್ಮ ಪಂಚಾಯ್ತಿಯಲ್ಲಿ ಸಮಿತಿ ಇತ್ತು, ಬೋರ್ಡಿನಲ್ಲಿ ನನ್ನ ಹೆಸರೂ ಇತ್ತು. ಪಾಸ್‌ಬುಕ್ ನಾನು ನೋಡಲಿಲ್ಲ.

ಆದರೆ ಸರಿಯಾಗಿ ನಡೆದದ್ದೂ ಒಂದು ಹೇಳುತ್ತೇನೆ. 2011ರ ಸುಮಾರಿಗೆ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ರೈತರು ಇಲಾಖೆಯ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ತಂದು ಹೊಲದಲ್ಲಿ ನೆಡುತ್ತಾರೆ. ಮೊದಲ ವರ್ಷ, ಎರಡನೇ ವರ್ಷ, ಮೂರನೇ ವರ್ಷ ಇಲಾಖೆಯವರು ಬಂದು ಬದುಕಿರುವ ಗಿಡ ಎಣಿಸುತ್ತಾರೆ. ಎಷ್ಟು ಬದುಕಿದೆಯೋ ಅಷ್ಟಕ್ಕೆ ದುಡ್ಡು. ಸತ್ತ ಗಿಡಕ್ಕೆ ಇಲ್ಲ. ನಮ್ಮ ಭಾವ ಹೆಬ್ಬೇವು, ಸಿಲ್ವರ್ ಓಕ್ ಹಾಕಿದ್ದರು. ದುಡ್ಡು ಕೈಗೆ ಬರಲು ತಡವಾಯಿತು, ಅದು ಬೇರೆ ಮಾತು. ಆದರೆ ಬೇಸಿಗೆಯಲ್ಲಿ ಮನೆ ಮಂದಿಯೆಲ್ಲ ಕೊಡ ಹಿಡಿದು ಹೊಲಕ್ಕೆ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನರ್ಸರಿ ಗುತ್ತಿಗೆ:
ಅಕ್ಕಾ, ಇದನ್ನೇ ನಮಗೂ ಮಾಡಲಿ. ನೆಟ್ಟಾಗ ಅರ್ಧ ಕೊಡಲಿ, ಉಳಿದದ್ದನ್ನು ಮೂರು ಬೇಸಿಗೆ ದಾಟಿದ ಮೇಲೆ ಗಿಡ ಎಣಿಸಿ ಕೊಡಲಿ. ಒಳ್ಳೆ ಗುತ್ತಿಗೆದಾರರು ಉಳಿಯುತ್ತಾರೆ. ಫೋಟೋ ಗಿಡದವರು ಓಡಿಹೋಗುತ್ತಾರೆ.

ಅಟ್ಲಾಂಟಾ ಅಳಿಯ:
ದೂರದಿಂದ ಒಂದು ಮಾತು. ನಾನಿರುವ ಅಟ್ಲಾಂಟಾ ನಗರದಲ್ಲಿ ಮರ ಕಡಿದು ಬದಲಿ ನೆಡದಿದ್ದರೆ ನಗರದ ವೃಕ್ಷ ನಿಧಿಗೆ ದುಡ್ಡು ಕಟ್ಟಬೇಕು. ಲೆಕ್ಕ ಮರದ ಸಂಖ್ಯೆಯ ಮೇಲೆ ಮಾತ್ರ ಅಲ್ಲ, ದಪ್ಪದ ಮೇಲೂ ಇದೆ. ಬಹಳ ವರ್ಷ ಮರಕ್ಕೆ 100 ಡಾಲರ್, ಜೊತೆಗೆ ಕಾಂಡದ ಅಡ್ಡಳತೆಯ ಇಂಚಿಗೆ 30 ಡಾಲರ್ ಇತ್ತು. ಬಿಲ್ಡರ್‌ಗಳಿಗೆ ಅದು ಕಾಫಿ ಖರ್ಚು. ಜನ ಗಲಾಟೆ ಮಾಡಿ ಮಾಡಿ 2025ರಲ್ಲಿ ಇಂಚಿಗೆ 140 ಡಾಲರ್ ಮಾಡಿದರು. ನಮ್ಮೂರಲ್ಲಿ ಮಾತ್ರ ನೂರು ವರ್ಷದ ಮಳೆಮರಕ್ಕೂ ಹತ್ತು ಗಿಡ, ಐದು ವರ್ಷದ ಹೊಂಗೆಗೂ ಹತ್ತು ಗಿಡ. ಇದು ಯಾವ ನ್ಯಾಯ?

ಸಾಲುಮರ:
ದಪ್ಪ ಅಳೆಯುವುದು ಒಳ್ಳೆಯದೇ. ಆದರೆ ನನಗೆ ಒಂದು ಹೆದರಿಕೆ ಇದೆ. ರೇಟು ಅಂತ ಒಂದು ಇಟ್ಟರೆ ಅದು ದಂಡವಾಗಿ ಉಳಿಯುವುದಿಲ್ಲ, ಟಿಕೆಟ್ ಆಗುತ್ತದೆ. ದುಡ್ಡು ಕಟ್ಟಿದ್ದೀನಿ, ಕಡೀತೀನಿ. ಹೈಕೋರ್ಟ್ ನಮ್ಮ ವೃಕ್ಷಾಧಿಕಾರಿಗಳಿಗೆ ಹೇಳಿದ್ದೂ ಇದೇ, ಮರ ಉಳಿಸಿ ಕಾಮಗಾರಿ ಮಾಡಬಹುದಾ ಅಂತ ಮೊದಲು ಸ್ವಂತ ಬುದ್ಧಿಯಿಂದ ಯೋಚಿಸಬೇಕು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಾಜ್ ಸುತ್ತಲಿನ ರಕ್ಷಿತ ವಲಯದಲ್ಲಿ ಅನುಮತಿ ಇಲ್ಲದೆ ಕಡಿದ 454 ಮರಕ್ಕೆ ಮರಕ್ಕೊಂದು ಲಕ್ಷ ದಂಡ ಹಾಕಿತು. ಅಷ್ಟಾದರೆ ಬಿಲ್ಡರ್ ಕ್ಯಾಲ್ಕುಲೇಟರ್ ತೆಗೆಯುತ್ತಾನೆ.

ನಿವೃತ್ತ ಲೆಕ್ಕಿಗ:
ಸಿದ್ಧಾಂತ ಆಮೇಲೆ. ಹೊಂಗೆ ನೆರಳು ಅವರೇ, ನೀವು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅಲ್ಲಿ ಪರಿಸರದ ಮೇಲೆ ಪ್ರಬಂಧ ಬರೆಯಬೇಡಿ. "ಎಷ್ಟು ಗಿಡ ನೆಟ್ಟಿದ್ದೀರಿ" ಅಂತಲೂ ಕೇಳಬೇಡಿ, 110 ಅಂತ ಬರೆದು ಕಳಿಸುತ್ತಾರೆ, ಕಥೆ ಮುಗಿಯಿತು.

ಕಾಗದ ಕೇಳಿ. ವೃಕ್ಷಾಧಿಕಾರಿಯ ಅನುಮತಿ ಆದೇಶ. ಆ ಕಾಮಗಾರಿಯ ಅಂದಾಜು ಪಟ್ಟಿ. ಎಂ.ಬಿ. ಪುಸ್ತಕದಲ್ಲಿ ಗಿಡದ ಪುಟ. ನೆಟ್ಟ ಮೇಲಿನ ನಿರ್ವಹಣೆಗೆ ಪಾವತಿಸಿದ ಬಿಲ್ಲು. ಕೊನೆಯದು ಮರೆಯಬೇಡಿ, ಅಲ್ಲೇ ಗುಟ್ಟು ಇರುವುದು. ಕಡತ ಪರಿಶೀಲನೆಗೂ ಅವಕಾಶ ಕೊಡಿ ಅಂತ ಒಂದು ಸಾಲು ಸೇರಿಸಿ, ಅದು ನಿಮ್ಮ ಹಕ್ಕು. ಅಲ್ಲಿ ಕೂತು ಕಡತ ತಿರುವಿದರೆ ಟಿಪ್ಪಣಿ ಹಾಳೆಯಲ್ಲಿ ಎಲ್ಲ ಇರುತ್ತದೆ. ಹೋಗುವಾಗ ಸಿಟ್ಟು ಮನೆಯಲ್ಲಿಟ್ಟು ಹೋಗಿ. ಗುಮಾಸ್ತರು ನಿಮ್ಮ ಶತ್ರು ಅಲ್ಲ.

ಹೊಂಗೆ ನೆರಳು:
ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡಿ.

ಕಡತ ಸಿಕ್ಕಿತು. ನಮ್ಮ 110 ಗಿಡ ನಿಜವಾಗಿಯೂ ನೆಟ್ಟಿದ್ದಾರೆ. ನಮ್ಮ ರಸ್ತೆಯಲ್ಲಲ್ಲ, ಊರ ಹೊರಗಿನ ಹೊಸ ಬಡಾವಣೆಯಲ್ಲಿ. ನಮ್ಮಿಂದ ಆರು ಕಿಲೋಮೀಟರ್. ಅಲ್ಲಿ ಇನ್ನೂ ಮನೆಗಳೇ ಇಲ್ಲ. ಎರಡು ಭಾನುವಾರ ಹೋಗಿ ಎಣಿಸಿದೆ, ಜೊತೆಗೆ ಪಕ್ಕದ ಮನೆ ಹುಡುಗ. 110 ಗುಂಡಿಯ ಗುರುತೂ ಇದೆ. ಬದುಕಿರುವುದು 37. ಟ್ರೀ ಗಾರ್ಡ್ ಇರುವುದು ಅದಕ್ಕೂ ಕಡಿಮೆ. ಒಂದಷ್ಟು ಗಾರ್ಡ್ ಪಕ್ಕದ ಸೈಟಿನ ಬೇಲಿಯಲ್ಲಿ ನಿಂತಿವೆ, ಒಂದಕ್ಕೆ ಬಟ್ಟೆ ಒಣಹಾಕಿದ್ದರು.

ನೇರ ಮಾತು ಅವರಿಗೆ ನಿರಾಸೆ ಆಗಬಹುದು, ದುಡ್ಡು ಯಾರೂ ತಿಂದಿಲ್ಲ. ಲೆಕ್ಕಿಗ ಸರ್ ಹೇಳಿದ ಹಾಗೇ ಕಳೆದುಹೋಗಿತ್ತು. ಎರಡನೇ ವರ್ಷದ ನೀರು, ಗೊಬ್ಬರ, ಸತ್ತ ಗಿಡದ ಬದಲಿ ಅಂತ ಅಂದಾಜಿನಲ್ಲಿ ದುಡ್ಡು ಇತ್ತು. ಯಾರೂ ಬಿಲ್ಲು ಹಾಕಿಲ್ಲ, ಯಾರೂ ಕೇಳಿಲ್ಲ. ಮಾರ್ಚ್ 31 ದಾಟಿದರೆ ಬೇರೆ ಕೆಲಸಕ್ಕೆ ಹೋಗುತ್ತಿತ್ತು. ವಾರ್ಡ್ ಸದಸ್ಯರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಈಗ ಮಂಗಳವಾರ, ಶುಕ್ರವಾರ ಟ್ಯಾಂಕರ್ ಬರುತ್ತಿದೆ. ಒಂದು ಶುಕ್ರವಾರ ಬರಲಿಲ್ಲ, ಫೋನ್ ಮಾಡಬೇಕಾಯಿತು.

ಸತ್ತ 73ರ ಬದಲಿಗೆ ಒಂದಷ್ಟನ್ನು ನಮ್ಮ ರಸ್ತೆಗೇ ಹಾಕಲು ಇಂಜಿನಿಯರ್ ಒಪ್ಪಿದ್ದಾರೆ, ಜಾಗ ನಾವೇ ತೋರಿಸಬೇಕಂತೆ. ಮಳೆಮರ ಇದ್ದ ತಿರುವನ್ನು ನಿನ್ನೆ ಟೇಪ್ ಹಿಡಿದು ಅಳೆದೆವು. ಹೊಸ ಚರಂಡಿಯ ಗೋಡೆಗೂ ಕಾಂಪೌಂಡಿಗೂ ನಡುವೆ ನಾಲ್ಕೂವರೆ ಅಡಿ ಇದೆ. ಮೇಲೆ ಕರೆಂಟ್ ತಂತಿ ಇಲ್ಲ. ಅಲ್ಲಿ ಏನು ಹಾಕಬಹುದು?

ನರ್ಸರಿ ಗುತ್ತಿಗೆ:
ನಾಲ್ಕೂವರೆ ಅಡಿಗೆ ಮಳೆಮರ ಬೇಡ, ಗೋಡೆ ಎತ್ತಿಬಿಡುತ್ತದೆ. ಹೊಂಗೆ ಹಾಕಿ. ಒಂಬತ್ತು ಅಡಿಯದ್ದು ಒಂದು ನನ್ನ ಹತ್ತಿರ ಇದೆ, ಬಸ್ಸಿನ ಮೇಲೆ ಹಾಕಿ ಕಳಿಸುತ್ತೇನೆ. ದುಡ್ಡು ಬೇಡ. ಆದರೆ ಏಪ್ರಿಲ್‌ನಲ್ಲಿ ನೀರು ಯಾರು ಹಾಕುತ್ತಾರೆ, ಅದನ್ನು ಮೊದಲು ಹೇಳಿ.

ಹೊಂಗೆ ನೆರಳು:
ಹೂವಿನಮ್ಮ. ಹೂವಿಗೆ ಚಿಮುಕಿಸಲು ದಿನಾ ಒಂದು ಬಕೆಟ್ ತರುತ್ತಾರೆ, ಉಳಿದದ್ದು ಅದಕ್ಕೇ ಅಂದಿದ್ದಾರೆ.